ಕ್ಲೇರ್ ಉಪಚುನಾವಣೆ, 1828: ಪದೇ ಪದೇ ಕೇಳುವ ಪ್ರಶ್ನೆಗಳು

ಗೆದ್ದರೂ ಪಾರ್ಲಿಮೆಂಟಿನಲ್ಲಿ ಕೂರೋಕೆ ಆಗದ ಅಭ್ಯರ್ಥಿ. ಅದು ಗೊತ್ತಿದ್ದೂ ಅವರಿಗೇ ವೋಟು ಹಾಕಿದ ಬಡ ರೈತರು. ಸೋತವರು ಒಳ್ಳೆಯ ಮನುಷ್ಯ, ಅದೂ ಆ ರೈತರ ಬೇಡಿಕೆಯ ಪರವಾಗಿಯೇ ಇದ್ದವರು. ಐರ್ಲೆಂಡಿನ ಕ್ಲೇರ್ ಉಪಚುನಾವಣೆ ಹೀಗೆ ಎಲ್ಲ ಕಡೆಯಿಂದಲೂ ವಿಚಿತ್ರ. ಇದರ ಬಗ್ಗೆ ಓದಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಇದು ಎಲ್ಲಿ, ಯಾವಾಗ ನಡೆದದ್ದು?

ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಕೌಂಟಿಯಲ್ಲಿ, 1828ರ ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಪೂರ್ತಿ ಹಳ್ಳಿಗಾಡು. ಆಲೂಗೆಡ್ಡೆ ಬೆಳೆದು ತಿನ್ನುವ ಸಣ್ಣ ಗೇಣಿದಾರರೇ ಜಾಸ್ತಿ. ಮತದಾನ ನಡೆದದ್ದು ಜಿಲ್ಲಾ ಕೇಂದ್ರವಾದ ಎನ್ನಿಸ್ ಪಟ್ಟಣದಲ್ಲಿ. ಇಡೀ ಕೌಂಟಿಯ ಮತದಾರರು ಅಲ್ಲಿಗೇ ಬರಬೇಕಿತ್ತು.

ಐರ್ಲೆಂಡ್ ಬ್ರಿಟನ್ನಿನ ವಸಾಹತು ಅಂತಾರೆ. ಅದು ಬ್ರಿಟನ್ನಿನ ಭಾಗವೇ ಆಗಿತ್ತಲ್ಲ, ವಸಾಹತು ಹೇಗಾಗುತ್ತೆ?

ಕಾಗದದ ಮೇಲೆ ಭಾಗವೇ. 1801ರ ಜನವರಿ 1ರಂದು ಐರ್ಲೆಂಡಿನ ಸ್ವಂತ ಪಾರ್ಲಿಮೆಂಟ್ ಮುಚ್ಚಿಹೋಯಿತು. ಅದರ ಬದಲು 100 ಮಂದಿ ಸದಸ್ಯರನ್ನು ಲಂಡನ್ನಿಗೆ ಕಳಿಸುವ ವ್ಯವಸ್ಥೆ ಬಂತು. ಆದರೆ ಆಳುತ್ತಿದ್ದ ರೀತಿ ನೋಡಿ. ಡಬ್ಲಿನ್ನಿನಲ್ಲಿ ಒಬ್ಬ ವೈಸ್‌ರಾಯ್, ಅವರ ಕೈಕೆಳಗೆ ಲಂಡನ್ನಿನಿಂದ ಬಂದ ಮುಖ್ಯ ಕಾರ್ಯದರ್ಶಿ. ಭೂಮಿ ಬಹುತೇಕ ಪ್ರಾಟೆಸ್ಟೆಂಟ್ ಜಮೀನ್ದಾರರದು. ಅವರಲ್ಲಿ ಹೆಚ್ಚಿನವರು ಹದಿನಾರು, ಹದಿನೇಳನೇ ಶತಮಾನದಲ್ಲಿ ಕಸಿದುಕೊಂಡ ಜಮೀನಿನ ವಾರಸುದಾರರು. ಉಳುವವರು ಕ್ಯಾಥೊಲಿಕರು. ಇದನ್ನು ವಸಾಹತು ಅನ್ನಬೇಕೋ ಬೇಡವೋ ಅಂತ ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಬ್ರಿಟಿಷರ ಕಾಲದ ನಮ್ಮ ಇತಿಹಾಸ ಓದಿದವರಿಗೆ ಈ ಚಿತ್ರ ಹೊಸದಾಗಿ ಕಾಣುವುದಿಲ್ಲ.

ಸೀಟು ಖಾಲಿ ಆದದ್ದು ಯಾಕೆ? ಯಾರಾದರೂ ತೀರಿಹೋದರಾ?

ಇಲ್ಲ, ಬಡ್ತಿ ಸಿಕ್ಕಿತು! ಕ್ಲೇರಿನ ಸದಸ್ಯ ವಿಲಿಯಂ ವೆಸಿ-ಫಿಟ್ಜ್‌ಜೆರಾಲ್ಡ್ ಅವರನ್ನು ಪ್ರಧಾನಿ ವೆಲಿಂಗ್ಟನ್ ತಮ್ಮ ಸಂಪುಟಕ್ಕೆ ತೆಗೆದುಕೊಂಡರು. ವ್ಯಾಪಾರ ಖಾತೆ ಕೊಟ್ಟರು. ಆ ಕಾಲದ ಕಾನೂನಿನ ಪ್ರಕಾರ, ಸಂಬಳದ ಸರ್ಕಾರಿ ಹುದ್ದೆ ಒಪ್ಪಿಕೊಂಡ ಸದಸ್ಯರ ಸ್ಥಾನ ಆಗಲೇ ತೆರವಾಗುತ್ತಿತ್ತು. ಮಂತ್ರಿಯಾದವರು ಮತ್ತೆ ಕ್ಷೇತ್ರಕ್ಕೆ ಹೋಗಿ ಗೆದ್ದು ಬರಬೇಕು.

ನಮ್ಮಲ್ಲಿ ಶಾಸಕರಲ್ಲದವರು ಮಂತ್ರಿಯಾದರೆ ಆರು ತಿಂಗಳೊಳಗೆ ಆಯ್ಕೆಯಾಗಬೇಕು, ಅಲ್ವಾ? ಅಲ್ಲಿ ಉಲ್ಟಾ. ಈಗಾಗಲೇ ಗೆದ್ದವರೇ ಇನ್ನೊಮ್ಮೆ ಗೆಲ್ಲಬೇಕು. ರಾಜ ಹುದ್ದೆಯ ಆಸೆ ತೋರಿಸಿ ಸದಸ್ಯರನ್ನು ಕೊಂಡುಕೊಳ್ಳಬಾರದು ಅನ್ನೋದು ಉದ್ದೇಶ. ಸಾಮಾನ್ಯವಾಗಿ ಯಾರೂ ಎದುರು ನಿಲ್ಲುತ್ತಿರಲಿಲ್ಲ. ಒಂದು ದಿನದಲ್ಲಿ ಶಾಸ್ತ್ರ ಮುಗಿಸಿ ಮಂತ್ರಿಗಳು ಲಂಡನ್ನಿಗೆ ವಾಪಸ್. ಫಿಟ್ಜ್‌ಜೆರಾಲ್ಡ್ ಕೂಡ ಹಾಗೇ ಅಂದುಕೊಂಡಿದ್ದರು. ಈ ಕಾನೂನು ಪೂರ್ತಿ ರದ್ದಾದದ್ದು 1926ರಲ್ಲಿ.

ಫಿಟ್ಜ್‌ಜೆರಾಲ್ಡ್ ಜನರಿಗೆ ಬೇಡವಾದವರಾ?

ಅದೇ ತಮಾಷೆ. ಅವರು ಜನಪ್ರಿಯ ಜಮೀನ್ದಾರ. ಸ್ವತಃ ಪ್ರಾಟೆಸ್ಟೆಂಟ್ ಆದರೂ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ಕೊಡಬೇಕು ಅಂತ ವೋಟು ಹಾಕುತ್ತಾ ಬಂದವರು. ಅವರ ತಂದೆಗೂ ಒಳ್ಳೆಯ ಹೆಸರಿತ್ತು. ಐರಿಷ್ ಪಾರ್ಲಿಮೆಂಟನ್ನು ಮುಚ್ಚುವುದನ್ನು ವಿರೋಧಿಸಿ ದೊಡ್ಡ ಹುದ್ದೆ ಕಳೆದುಕೊಂಡಿದ್ದವರು. ಚುನಾವಣೆಯ ಹೊತ್ತಿಗೆ ಆ ತಂದೆ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು.

ಹಾಗಾದರೆ ತಪ್ಪೇನು? ಸೇರಿಕೊಂಡ ಸರ್ಕಾರ. ಕ್ಯಾಥೊಲಿಕರ ಬೇಡಿಕೆಯನ್ನು ತಡೆದು ನಿಲ್ಲಿಸಿದ್ದ ವೆಲಿಂಗ್ಟನ್ ಮತ್ತು ಗೃಹ ಮಂತ್ರಿ ರಾಬರ್ಟ್ ಪೀಲ್ ಅವರ ಸರ್ಕಾರ. ಆ ಸರ್ಕಾರಕ್ಕೆ ಸೇರಿದ ಯಾರನ್ನೇ ಆಗಲಿ ವಿರೋಧಿಸುತ್ತೇವೆ ಅಂತ, ಈ ಹಕ್ಕಿಗಾಗಿ ಹೋರಾಡುತ್ತಿದ್ದ ಕ್ಯಾಥೊಲಿಕ್ ಸಂಘ ಮೊದಲೇ ನಿರ್ಣಯ ಮಾಡಿತ್ತು. ಈಗ ಮಾತು ಉಳಿಸಿಕೊಳ್ಳುವ ಹೊತ್ತು ಬಂತು.

ಕ್ಯಾಥೊಲಿಕರು ಚುನಾವಣೆಗೆ ನಿಲ್ಲಬಹುದು, ಆದರೆ ಕೂರಬಾರದು. ಇದೆಂಥ ನಿಯಮ?

ನಿಲ್ಲಬಾರದು ಅಂತ ಯಾವ ಕಾನೂನೂ ಹೇಳಿರಲಿಲ್ಲ. ಅಡ್ಡಿ ಇದ್ದದ್ದು ಪಾರ್ಲಿಮೆಂಟಿನ ಬಾಗಿಲಲ್ಲಿ. ಒಳಗೆ ಕೂರುವ ಮುಂಚೆ ಪ್ರಮಾಣವಚನ ತೆಗೆದುಕೊಳ್ಳಬೇಕು. ಅದರಲ್ಲಿ ಧರ್ಮದ ವಿಷಯದಲ್ಲೂ ಪೋಪ್‌ಗೆ ಈ ದೇಶದಲ್ಲಿ ಯಾವ ಅಧಿಕಾರವೂ ಇಲ್ಲ ಅಂತ ಒಪ್ಪಬೇಕು. ಜೊತೆಗೊಂದು ಘೋಷಣೆ. ಬಲಿಪೂಜೆಯ ರೊಟ್ಟಿ, ದ್ರಾಕ್ಷಾರಸ ಯೇಸುವಿನ ಶರೀರ, ರಕ್ತವಾಗುತ್ತದೆ ಅನ್ನೋದು ಸುಳ್ಳು. ಮೇರಿ ಮಾತೆಗೆ, ಸಂತರಿಗೆ ಮೊರೆಯಿಡುವುದು ಮೂಢನಂಬಿಕೆ, ವಿಗ್ರಹಾರಾಧನೆ. ಹೀಗೆ ದೇವರ ಮುಂದೆ ಹೇಳಬೇಕು. ಯಾವ ಕ್ಯಾಥೊಲಿಕರೂ ಇದನ್ನು ಹೇಳಲಾರರು. ಬರೆದದ್ದೇ ಅದಕ್ಕೆ.

ನಮ್ಮಲ್ಲಿ ಅಭ್ಯರ್ಥಿಗಳು ನಾಮಪತ್ರದ ಜೊತೆಗೇ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು. ಅಲ್ಲಿ ಅದು ಗೆದ್ದ ಮೇಲಿನ ಮಾತು. ಆ ಸಂದಿಯಲ್ಲೇ ಡೇನಿಯಲ್ ಓಕಾನೆಲ್ ನುಗ್ಗಿದರು.

ಓಕಾನೆಲ್ ಯಾರು? ಅವರೇ ಯಾಕೆ ನಿಂತರು?

1775ರಲ್ಲಿ ಕೆರ್ರಿ ಕೌಂಟಿಯಲ್ಲಿ ಹುಟ್ಟಿದ ಕ್ಯಾಥೊಲಿಕ್ ವಕೀಲ. ಕೋರ್ಟಿನಲ್ಲಿ ಪಾಟೀ ಸವಾಲಿಗೆ ಹೆಸರುವಾಸಿ. ದನಿ ಅಂದರೆ ಬಯಲಿನ ಕೊನೆಗೂ ಕೇಳುವಂಥದ್ದು. ಬೈಗುಳದಲ್ಲೂ ಎತ್ತಿದ ಕೈ. 1815ರಲ್ಲಿ ಡೆಸ್ಟೆರ್ ಎಂಬವರ ಜೊತೆ ಪಿಸ್ತೂಲಿನ ದ್ವಂದ್ವಯುದ್ಧ ನಡೆದು ಆ ಮನುಷ್ಯ ಸತ್ತರು. ಓಕಾನೆಲ್ ಅವರಿಗೆ ಆ ಕೊರಗು ಕೊನೆಯವರೆಗೂ ಹೋಗಲಿಲ್ಲ.

ಕ್ಲೇರಿನಲ್ಲಿ ಅವರು ಮೊದಲ ಆಯ್ಕೆ ಆಗಿರಲಿಲ್ಲ. ಸಂಘ ಹುಡುಕಿದ್ದು ಒಬ್ಬ ಪ್ರಾಟೆಸ್ಟೆಂಟ್ ಗೆಳೆಯರನ್ನು. ಮೇಜರ್ ಮ್ಯಾಕ್ನಮಾರ ಎಂಬವರನ್ನು ಕೇಳಿದರು. ಫಿಟ್ಜ್‌ಜೆರಾಲ್ಡ್ ಅವರಿಂದ ನಮ್ಮ ಮನೆಗೆ ಉಪಕಾರವಾಗಿದೆ, ಆಗಲ್ಲ ಅಂದರು. ಇನ್ನು ಯಾರೂ ಉಳಿಯಲಿಲ್ಲ. ಕೊನೆಗೆ ಓಕಾನೆಲ್ ತಾವೇ ಅಂತ ಘೋಷಿಸಿದರು. ಮತದಾರರಿಗೆ ಬರೆದ ಮನವಿಯಲ್ಲಿ ಮುಚ್ಚುಮರೆ ಮಾಡಲಿಲ್ಲ. ಆ ಪ್ರಮಾಣ ನಾನು ತೆಗೆದುಕೊಳ್ಳುವುದಿಲ್ಲ, ಆದರೂ ಆರಿಸಿ ಬರುವ ಅರ್ಹತೆ ನನಗಿದೆ ಅಂತ ನೇರವಾಗಿ ಹೇಳಿದರು.

ದುಡ್ಡು, ಜನ ಎಲ್ಲಿಂದ ಬಂತು?

1823ರಲ್ಲಿ ಶುರುವಾದ ಕ್ಯಾಥೊಲಿಕ್ ಸಂಘದಿಂದ. ಮೊದಲು ಅದು ವರ್ಷಕ್ಕೆ ಒಂದು ಗಿನಿ (ಒಂದು ಪೌಂಡಿಗಿಂತ ತುಸು ಜಾಸ್ತಿ) ಕಟ್ಟಬಲ್ಲ ವಕೀಲರ, ವರ್ತಕರ ಕೂಟ. 1824ರಲ್ಲಿ ಓಕಾನೆಲ್ ಒಂದು ಉಪಾಯ ತಂದರು. ತಿಂಗಳಿಗೆ ಒಂದು ಪೆನ್ನಿ ಕೊಟ್ಟರೆ ಯಾರು ಬೇಕಾದರೂ ಸಂಘದವರೇ. ಭಾನುವಾರ ಚರ್ಚಿನ ಹತ್ತಿರ ವಸೂಲಿ. ಮೊತ್ತಕ್ಕಿಂತ ದೊಡ್ಡದು ಇನ್ನೊಂದಿತ್ತು. ಪೆನ್ನಿ ಕೊಟ್ಟ ಕೂಲಿಯವನು ಸಂಘದ ಸುದ್ದಿ ಕೇಳಲು ಶುರು ಮಾಡಿದ. ನನ್ನ ದುಡ್ಡು ಏನಾಯಿತು ಅಂತ ಕೇಳುವ ಹಕ್ಕು ಬಂತಲ್ಲ!

ಸರ್ಕಾರ 1825ರಲ್ಲಿ ಸಂಘವನ್ನು ನಿಷೇಧಿಸಿತು. ವಕೀಲರ ಸಂಘ ಸುಮ್ನೆ ಕೂರುತ್ತದೆಯೇ? ಹೆಸರಿನ ಮುಂದೆ 'ಹೊಸ' ಅಂತ ಸೇರಿಸಿ ಮತ್ತೆ ಶುರು ಮಾಡಿದರು.

ಯಾರಿಗೆಲ್ಲ ವೋಟಿತ್ತು?

ಹೆಂಗಸರಿಗೆ ಇಲ್ಲ. ಗಂಡಸರಲ್ಲೂ ಭೂಮಿಯ ಲೆಕ್ಕ. ಜಮೀನಿನಿಂದ ಗೇಣಿ ಕಳೆದು ವರ್ಷಕ್ಕೆ 40 ಶಿಲಿಂಗ್, ಅಂದರೆ 2 ಪೌಂಡ್ ಉಳಿಯುತ್ತದೆ ಅಂತಿದ್ದರೆ, ಗೇಣಿಯ ಕರಾರು ಒಬ್ಬರ ಜೀವಮಾನ ಪೂರ್ತಿಗೆ ಇದ್ದರೆ ವೋಟು ಸಿಗುತ್ತಿತ್ತು. 1793ರಿಂದ ಕ್ಯಾಥೊಲಿಕರಿಗೂ ಈ ಹಕ್ಕು ಬಂತು.

ಬಂದದ್ದೇ ತಡ, ಜಮೀನ್ದಾರರು ತಮ್ಮ ಜಮೀನನ್ನು ತುಂಡು ತುಂಡು ಮಾಡಿ ಇಂಥ ಕರಾರುಗಳನ್ನು ಹಂಚತೊಡಗಿದರು. ಒಕ್ಕಲು ಜಾಸ್ತಿ ಆದಷ್ಟೂ ವೋಟು ಜಾಸ್ತಿ. ವೋಟು ಜಾಸ್ತಿ ಆದಷ್ಟೂ ಡಬ್ಲಿನ್, ಲಂಡನ್ನಿನಲ್ಲಿ ಧಣಿಯ ಮಾತಿಗೆ ತೂಕ. ಒಕ್ಕಲು ಧಣಿಗೆ ಎದುರು ವೋಟು ಹಾಕಿಯಾನು ಅನ್ನೋದು ಯಾರ ಕನಸಿನಲ್ಲೂ ಇರಲಿಲ್ಲ. ಮೂವತ್ತು ವರ್ಷ ತಾವೇ ಬಿತ್ತಿದ್ದನ್ನು 1826ರಿಂದ ಉಣ್ಣಬೇಕಾಯಿತು. ಆ ವರ್ಷ ವಾಟರ್‌ಫೋರ್ಡ್ ಕೌಂಟಿಯಲ್ಲಿ ಬೆರೆಸ್ಫೋರ್ಡ್ ಎಂಬ ಭಾರಿ ಮನೆತನದ ಅಭ್ಯರ್ಥಿಯನ್ನು ಒಕ್ಕಲುಗಳೇ ಸೋಲಿಸಿದರು. ಅಲ್ಲಿ ಗೆದ್ದವರು ಪ್ರಾಟೆಸ್ಟೆಂಟ್. ಕ್ಲೇರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ.

ಧಣಿಗೆ ಗೊತ್ತಾಗದ ಹಾಗೆ ವೋಟು ಹಾಕಬಹುದಿತ್ತಲ್ಲ?

ಆಗುತ್ತಿರಲಿಲ್ಲ. ಗುಪ್ತ ಮತದಾನ ಬಂದದ್ದು 1872ರಲ್ಲಿ. ಅಲ್ಲಿಯವರೆಗೆ ಕಟ್ಟೆಯ ಮುಂದೆ ನಿಂತು ಹೆಸರು, ಊರು ಹೇಳಿ, ನನ್ನ ವೋಟು ಇಂಥವರಿಗೆ ಅಂತ ಎಲ್ಲರೆದುರು ಕೂಗಬೇಕು. ಗುಮಾಸ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಪಕ್ಕದಲ್ಲೇ ಧಣಿ ಅಥವಾ ಅವರ ಏಜೆಂಟ್ ನಿಂತಿರುತ್ತಾರೆ.

ಈ ಏಜೆಂಟರ ಕೈಯಲ್ಲಿ ಒಂದು ಅಸ್ತ್ರ ಇರುತ್ತಿತ್ತು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಐರ್ಲೆಂಡಿನ ಹಲವು ಕಡೆ ಹೊಸ ಒಕ್ಕಲಿನ ಮೊದಲ ಆರು ತಿಂಗಳ ಗೇಣಿಯನ್ನು ಕೂಡಲೇ ಕೇಳುತ್ತಿರಲಿಲ್ಲ. ಬಾಕಿ ಅಂತ ಬಿಟ್ಟಿರುತ್ತಿದ್ದರು. ನೋಡೋಕೆ ದೊಡ್ಡ ಮನಸ್ಸು. ಆದರೆ ಆ ಬಾಕಿ ಎಂದೂ ತೀರುವುದಿಲ್ಲ. ಒಕ್ಕಲು ಯಾವಾಗಲೂ ಆರು ತಿಂಗಳು ಹಿಂದೆ. ಧಣಿಗೆ ಸಿಟ್ಟು ಬಂದ ದಿನ, ಬಾಕಿ ಪೂರ್ತಿ ಈಗಲೇ ಕಟ್ಟು ಅಂದರೆ ಸಾಕು. ದನ ಜಪ್ತಿ, ಆಮೇಲೆ ಮನೆ ಖಾಲಿ. ಕಾನೂನು ಪೂರ್ತಿ ಧಣಿಯ ಕಡೆ. ಕ್ಲೇರಿನ ರೈತ ವೋಟು ಕೂಗುವಾಗ ಅವನ ತಲೆಯಲ್ಲಿ ಇದೇ ಲೆಕ್ಕ ಓಡುತ್ತಿತ್ತು.

ಎನ್ನಿಸ್‌ನಲ್ಲಿ ಆ ದಿನಗಳು ಹೇಗಿದ್ದವು?

ಜೂನ್ 30ರಂದು ಕೋರ್ಟ್ ಕಟ್ಟಡದಲ್ಲಿ ನಾಮಪತ್ರ. ಒಂದು ಕಡೆ ಇಡೀ ಕೌಂಟಿಯ ಜಮೀನ್ದಾರರು. ಫಿಟ್ಜ್‌ಜೆರಾಲ್ಡ್ ಅವರಿಗೆ ಸೂಚಕರು ಸರ್ ಎಡ್ವರ್ಡ್ ಓಬ್ರಿಯನ್, ಕೌಂಟಿಯ ದೊಡ್ಡ ಧಣಿಗಳಲ್ಲೊಬ್ಬರು. ಓಕಾನೆಲ್ ಅವರ ಸೂಚಕ ಓಗಾರ್ಮನ್ ಮಾಹನ್ ಎಂಬ ಇಪ್ಪತ್ತೆಂಟರ ತರುಣ. ಅನುಮೋದಕರು ಟಾಮ್ ಸ್ಟೀಲ್, ಪ್ರಾಟೆಸ್ಟೆಂಟ್. ನನ್ನ ಪ್ರಚಾರದಿಂದ ಯಾವ ಜಮೀನ್ದಾರರಿಗಾದರೂ ಬೇಜಾರಾಗಿದ್ದರೆ ಪಿಸ್ತೂಲು ಹಿಡಿದು ಬರಲಿ, ತಯಾರಿದ್ದೇನೆ ಅಂತ ಈ ಸ್ಟೀಲ್ ಬಹಿರಂಗವಾಗಿ ಹೇಳಿಕೊಂಡು ಓಡಾಡುತ್ತಿದ್ದರು.

ಮಾಹನ್ ಅವತ್ತು ಕೂತದ್ದು ಕುರ್ಚಿಯ ಮೇಲಲ್ಲ. ಗ್ಯಾಲರಿಯ ಕಟಾಂಜನದ ಮೇಲೆ ಹೆಚ್ಚುಕಡಿಮೆ ನೇತಾಡುತ್ತಾ, ಕೆಳಗಿನ ಗುಂಪಿನ ನೆತ್ತಿಯ ಮೇಲೆ. ಎದೆಯ ಮೇಲೆ ಹಸಿರು ರಿಬ್ಬನ್ನಿನ ಪದಕ. ಅದು ಓಕಾನೆಲ್ ಬಳಗದ ಗುರುತು. ಚುನಾವಣೆ ನಡೆಸುವ ಅಧಿಕಾರಿಯಾದ ಶೆರಿಫರು ಕೆಳಗಿನಿಂದ ಅದನ್ನು ತೆಗೆಯಿರಿ ಅಂದರು. ಮಾಹನ್ ತಮ್ಮ ಎದೆ ಮುಟ್ಟಿಕೊಂಡು, ಆಮೇಲೆ ಶೆರಿಫರ ಕಡೆ ಬೆರಳು ತೋರಿಸಿ, ಆ ಮಹಾಶಯರು ಈ ಮಹಾಶಯರನ್ನು ಮುಟ್ಟಿದರೆ ಈ ಮಹಾಶಯರು ಆ ಮಹಾಶಯರಿಗೆ ತಕ್ಕ ಉತ್ತರ ಕೊಡುತ್ತಾರೆ ಎಂಬ ಧಾಟಿಯಲ್ಲಿ ಹೇಳಿದರು. ಶೆರಿಫರು ಸುಮ್ಮನಾದರು. ಪದಕ ಅಲ್ಲೇ ಉಳಿಯಿತು. (ಈ ಮಾಹನ್ ಆಮೇಲೆ ದೇಶ ದೇಶ ಸುತ್ತಿ, ಕೊನೆಗೆ ಪಾರ್ಲಿಮೆಂಟ್ ಸದಸ್ಯರಾಗಿದ್ದಾಗಲೇ 1891ರಲ್ಲಿ ತೀರಿಕೊಂಡರು. ಇವರದೇ ಬೇರೆ ಪುಟ ಬೇಕು.)

ಫಿಟ್ಜ್‌ಜೆರಾಲ್ಡ್ ಚೆನ್ನಾಗಿ ಮಾತಾಡಿದರು. ಹಾಸಿಗೆ ಹಿಡಿದ ತಂದೆಯ ವಿಷಯ ಬಂದಾಗ ಗಂಟಲು ಕಟ್ಟಿ ಅತ್ತರು. ಎದುರು ಪಾಳೆಯದವರ ಮನಸ್ಸೂ ಕರಗಿತು. ಓಕಾನೆಲ್ ಅವರಿಗೆ ಅಪಾಯ ಅರ್ಥವಾಯಿತು. ಎದ್ದು ನಿಂತವರೇ ಆ ಮರುಕವನ್ನು ವ್ಯಂಗ್ಯದಿಂದ ಚದುರಿಸಿದರು. ಕಾಯಿಲೆ ಬಿದ್ದ ತಂದೆಯ ನೆನಪಿನ ಎದುರು ಈ ಮಾತು ಬೇಕಿತ್ತಾ? ನನಗೆ ಇದು ಅವರ ಒಳ್ಳೆಯ ಗಳಿಗೆ ಅನ್ನಿಸುವುದಿಲ್ಲ. ಆದರೆ ಕೆಲಸ ಮಾಡಿತು.

ಮತದಾನ ಜುಲೈ 1ರಿಂದ 5ರವರೆಗೆ. ಧಣಿಗಳು ತಮ್ಮ ತಮ್ಮ ಒಕ್ಕಲುಗಳನ್ನು ಸಾಲಾಗಿ ಕರೆದುಕೊಂಡು ಪಟ್ಟಣಕ್ಕೆ ಬಂದರು, ಹಿಂದಿನಿಂದ ನಡೆದುಬಂದ ಪದ್ಧತಿಯ ಹಾಗೆ. ಓಕಾನೆಲ್ ಇಳಿದುಕೊಂಡಿದ್ದ ಮನೆಯ ಮುಂದೆ ಹಾಯುವಾಗ ಸಾಲು ಕದಲುತ್ತಿತ್ತು. ಅವರು ಮೇಲಿನಿಂದ ಕಾಣಿಸಿಕೊಂಡರೆ ಧಣಿಯ ಹಿಂದೆ ಬಂದವರೇ ಟೋಪಿ ಬೀಸಿ ಜೈಕಾರ ಹಾಕುತ್ತಿದ್ದರು. ಕೊರೊಫಿನ್ ಊರಿನಲ್ಲಿ ಸರ್ ಎಡ್ವರ್ಡ್ ಅವರ ಒಕ್ಕಲುಗಳೆದುರು ಫಾದರ್ ಮರ್ಫಿ ಐರಿಷ್ ಭಾಷೆಯಲ್ಲೇ ಮಾತಾಡಿದರು. ಆ ಒಕ್ಕಲುಗಳು ಎನ್ನಿಸ್‌ಗೆ ನಡೆದದ್ದು ಪಾದ್ರಿಯ ಜೊತೆ, ಧಣಿಯ ಜೊತೆ ಅಲ್ಲ.

ಪಾದ್ರಿಗಳು ಹೇಳಿದರು, ಜನ ಹಾಕಿದರು. ಇದು ಧರ್ಮದ ಹೆಸರಿನ ವೋಟೇ ಅಲ್ವಾ?

ಆ ಆರೋಪ ಆಗಲೇ ಇತ್ತು. ಇಡೀ ಕೌಂಟಿಯ ಪಾದ್ರಿಗಳು ಎನ್ನಿಸ್‌ನಲ್ಲಿ ಬೀಡುಬಿಟ್ಟಿದ್ದರು. ತಮ್ಮೂರಿನವರನ್ನು ಅವರೇ ಮತಗಟ್ಟೆಯ ತನಕ ಕರೆದುಕೊಂಡು ಹೋಗುತ್ತಿದ್ದರು. ಧಣಿಯ ಕಡೆ ವಾಲಿದವರನ್ನು ತಡೆದು ಮಾತಾಡುತ್ತಿದ್ದರು. ಇವತ್ತಿನ ನಮ್ಮ ಚುನಾವಣಾ ಕಾನೂನಿನ ಕಣ್ಣಿನಲ್ಲಿ ಅದರಲ್ಲಿ ಎಷ್ಟೋ ಭ್ರಷ್ಟ ಪದ್ಧತಿ ಅನ್ನಿಸಿಕೊಳ್ಳುತ್ತಿತ್ತು.

ಆದರೆ ಜನರನ್ನು ಹೊರಗಿಟ್ಟದ್ದೇ ಧರ್ಮದ ಹೆಸರಿನಲ್ಲಿ. ಅದೇ ಹೆಸರಿನಲ್ಲಿ ಅವರು ಒಟ್ಟಾಗದೆ ಇನ್ನು ಹೇಗೆ ಆದಾರು? ಮತ್ತೊಂದು ಮಾತು. ಪಾದ್ರಿಯ ಮಾತು ಕೇಳಿದರೆ ಮನೆ ಹೋಗಬಹುದು, ಧಣಿಯ ಮಾತು ಕೇಳಿದರೆ ಮನೆ ಉಳಿಯುತ್ತದೆ. ಹೀಗಿದ್ದೂ ಆ ಕಡೆ ಹೋದವರನ್ನು ಕುರಿಮಂದೆ ಅನ್ನೋದು ಅನ್ಯಾಯ. ಸೋತವರು ಹೇಳಿಕೊಳ್ಳುವ ಸಮಾಧಾನ ಅದು.

ಒಬ್ಬರೂ ಕುಡಿಯಲಿಲ್ಲ ಅಂತಾರೆ, ನಿಜವಾ?

ಒಬ್ಬರೂ ಅಂದರೆ ಜಾಸ್ತಿ ಆಯಿತು. ಆದರೆ ಚುನಾವಣೆ ಮುಗಿಯುವವರೆಗೆ ವಿಸ್ಕಿ ಮುಟ್ಟಬಾರದು ಅಂತ ಕಟ್ಟಪ್ಪಣೆ ಇತ್ತು, ಜನ ಪಾಲಿಸಿದರು. ಆ ಕಾಲದ ಚುನಾವಣೆ ಅಂದರೆ ಪುಕ್ಕಟೆ ಹೆಂಡ, ತಲೆ ಒಡೆದಾಟ. ಸಾವಿರಾರು ಸೈನಿಕರನ್ನು, ಪೊಲೀಸರನ್ನು ತಂದು ಸುತ್ತಮುತ್ತ ಇಟ್ಟಿದ್ದರು. ಹತ್ತಾರು ಸಾವಿರ ಜನ ಬೀದಿಯಲ್ಲಿ. ಗಲಾಟೆ ಆದರೆ ಗುಂಡು ಹಾರಿಸೋಕೆ ನೆಪ ಸಿಗುತ್ತದೆ ಅಂತ ಸಂಘಕ್ಕೆ ಗೊತ್ತಿತ್ತು. ಗಲಾಟೆ ಆಗಲಿಲ್ಲ. ಸರ್ಕಾರಕ್ಕೆ ಗಲಾಟೆಗಿಂತ ಈ ಶಿಸ್ತೇ ಜಾಸ್ತಿ ದಿಗಿಲು ಹುಟ್ಟಿಸಿತು.

ಫಲಿತಾಂಶ?

ಓಕಾನೆಲ್ 2,057. ಫಿಟ್ಜ್‌ಜೆರಾಲ್ಡ್ 982. ಅಂತರ 1,075.

ಫಿಟ್ಜ್‌ಜೆರಾಲ್ಡ್ ಅವತ್ತೇ ಪೀಲ್ ಅವರಿಗೆ ಪತ್ರ ಬರೆದರು. ದೊಡ್ಡ ಮನೆತನದವರ, 50 ಪೌಂಡ್ ಆಸ್ತಿಯವರ ವೋಟೆಲ್ಲ ನನಗೇ ಬಿದ್ದಿದೆ ಅಂತ ಅದರಲ್ಲಿದೆ. ಅಂದರೆ ಒಕ್ಕಲುಗಳು ಇಡಿಯಾಗಿ ಕೈಬಿಟ್ಟಿದ್ದಾರೆ ಅಂತ ಅರ್ಥ. ಕ್ಯಾಥೊಲಿಕರ ಆಯ್ಕೆ ಸಿಂಧುವಲ್ಲ ಅಂತ ತಕರಾರು ಬಂದಾಗ, ಅದನ್ನು ಪಾರ್ಲಿಮೆಂಟೇ ನೋಡಿಕೊಳ್ಳಲಿ ಅಂತ ಶೆರಿಫರು ಓಕಾನೆಲ್ ಅವರ ಬಹುಮತವನ್ನು ದಾಖಲಿಸಿ ಕಳಿಸಿದರು.

ಒಂದು ಸೀಟಿಗೆ ಲಂಡನ್ ಸರ್ಕಾರ ಅಷ್ಟು ಹೆದರಿದ್ದು ಯಾಕೆ?

ಲೆಕ್ಕ ಹಾಕಿ. ಇನ್ನು ಐರಿಷ್ ಕೌಂಟಿಯ ಯಾವ ಸದಸ್ಯರನ್ನೂ ಮಂತ್ರಿ ಮಾಡುವಂತಿಲ್ಲ, ಮಾಡಿದರೆ ಇನ್ನೊಂದು ಕ್ಲೇರ್. ಸಾರ್ವತ್ರಿಕ ಚುನಾವಣೆಗೆ ಹೋದರೆ ಕೌಂಟಿ ಕೌಂಟಿಯಲ್ಲೂ ಓಕಾನೆಲ್‌ಗಳು ಗೆಲ್ಲುತ್ತಾರೆ. ಗೆದ್ದವರನ್ನೆಲ್ಲ ಬಾಗಿಲಲ್ಲೇ ತಡೆದರೆ ಅವರು ಡಬ್ಲಿನ್ನಿನಲ್ಲೇ ಸಭೆ ಸೇರಿ ಇದೇ ನಮ್ಮ ಪಾರ್ಲಿಮೆಂಟ್ ಅನ್ನಬಹುದು. ಆಮೇಲೆ ಉಳಿಯುವುದು ಅಂತರ್ಯುದ್ಧ. ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ 1828ರ ಮೇ ತಿಂಗಳಲ್ಲಿ ಕ್ಯಾಥೊಲಿಕರ ಪರವಾದ ನಿರ್ಣಯ 6 ವೋಟಿನಿಂದ ಗೆದ್ದೂ ಇತ್ತು.

ಪೀಲ್ ಜನ್ಮಪೂರ್ತಿ ಇದನ್ನು ವಿರೋಧಿಸಿದವರು. ಈಗ ತಾವೇ ಮಸೂದೆ ಮಂಡಿಸಬೇಕಾಯಿತು. ಮನಸ್ಸು ಬದಲಾಯಿಸಿದ ಕಾರಣಕ್ಕೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸೀಟಿಗೆ ರಾಜೀನಾಮೆ ಕೊಟ್ಟು ಮತ್ತೆ ನಿಂತರು, ಸೋತರು. ವೆಸ್ಟ್‌ಬರಿ ಎಂಬ ಸಣ್ಣ ಕ್ಷೇತ್ರದಿಂದ ಹೇಗೋ ಒಳಗೆ ಬಂದರು. ಕಾಮನ್ಸ್‌ನಲ್ಲಿ ಮಸೂದೆ 320-142ರಿಂದ ಪಾಸಾಯಿತು. 1829ರ ಏಪ್ರಿಲ್ 13ರಂದು ದೊರೆ ನಾಲ್ಕನೇ ಜಾರ್ಜ್ ಒಲ್ಲದ ಮನಸ್ಸಿನಿಂದ ಸಹಿ ಹಾಕಿದರು.

ಈ ವೆಲಿಂಗ್ಟನ್ ನಮ್ಮ ಶ್ರೀರಂಗಪಟ್ಟಣದ ವೆಲ್ಲೆಸ್ಲಿಯೇ?

ಹೌದು, ಅವರೇ. 1799ರಲ್ಲಿ ಟಿಪ್ಪು ಬಿದ್ದ ಯುದ್ಧದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಆಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡವರು, 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದವರು. ಹುಟ್ಟಿದ್ದು ಐರ್ಲೆಂಡಿನಲ್ಲೇ. 1807ರಿಂದ 1809ರವರೆಗೆ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯೂ ಆಗಿದ್ದರು. ಟಿಪ್ಪು ವಿರುದ್ಧ ಯುದ್ಧ ಸಾರಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಇವರ ಅಣ್ಣ. ಆ ಅಣ್ಣ 1821ರಿಂದ 1828ರವರೆಗೆ ಐರ್ಲೆಂಡಿನ ವೈಸ್‌ರಾಯ್. ಕ್ಯಾಥೊಲಿಕರಿಗೆ ಹಕ್ಕು ಕೊಡಬೇಕು ಅನ್ನುವವರು. ಮದುವೆಯಾದದ್ದೂ ಕ್ಯಾಥೊಲಿಕ್ ವಿಧವೆಯನ್ನು, ಅಮೆರಿಕದವರು. ಒಂದೇ ಮನೆಯ ಇಬ್ಬರು, ಮೈಸೂರನ್ನೂ ಐರ್ಲೆಂಡನ್ನೂ ಆಳಿದರು.

ಪ್ರಧಾನಿ ಪಿಸ್ತೂಲು ಹಿಡಿದರಂತೆ?

ಹಿಡಿದರು. ಕ್ಯಾಥೊಲಿಕರಿಗೆ ದೇಶ ಮಾರುತ್ತಿದ್ದಾರೆ ಎಂಬ ಅರ್ಥದಲ್ಲಿ ಲಾರ್ಡ್ ವಿಂಚಿಲ್ಸಿ ಪತ್ರಿಕೆಗೆ ಬರೆದರು. 1829ರ ಮಾರ್ಚ್ 21ರ ಬೆಳಗ್ಗೆ ಲಂಡನ್ನಿನ ಬ್ಯಾಟರ್‌ಸೀ ಬಯಲಿನಲ್ಲಿ ದ್ವಂದ್ವಯುದ್ಧ. ಯಾರಿಗೂ ಗಾಯವಾಗಲಿಲ್ಲ. ವಿಂಚಿಲ್ಸಿ ಕ್ಷಮೆ ಕೇಳಿದರು.

ಕಾನೂನು ಬಂದ ಕೂಡಲೇ ಓಕಾನೆಲ್ ಸೀಟಿನಲ್ಲಿ ಕೂತರಾ?

ಇಲ್ಲ. ಇಲ್ಲೊಂದು ಸಣ್ಣತನ ನಡೆಯಿತು. ಹೊಸ ಪ್ರಮಾಣವಚನ ಕಾನೂನು ಬಂದ ಮೇಲೆ ಆಯ್ಕೆಯಾದವರಿಗೆ ಮಾತ್ರ ಅಂತ ಬರೆದಿದ್ದರು. ಓಕಾನೆಲ್ ಗೆದ್ದದ್ದು ಅದಕ್ಕಿಂತ ಮುಂಚೆ. ಮೇ 15ರಂದು ಸಭೆಗೆ ಬಂದಾಗ ಹಳೇ ಪ್ರಮಾಣದ ಕಾಗದ ಕೈಗೆ ಕೊಟ್ಟರು. ಕೆಲ ದಿನ ಚರ್ಚೆಯಾಗಿ, 190-116 ವೋಟಿನಿಂದ ಹಳೇ ಪ್ರಮಾಣವೇ ಬೇಕು ಅಂತ ತೀರ್ಮಾನವಾಯಿತು. ಮತ್ತೆ ಕಾಗದ ಕೊಟ್ಟಾಗ ಓಕಾನೆಲ್ ಓದಿ ನೋಡಿದರು. ಇದರಲ್ಲಿ ಒಂದು ಮಾತು ಸುಳ್ಳು ಅಂತ ನನಗೆ ಗೊತ್ತು, ಇನ್ನೊಂದು ನಿಜವಲ್ಲ ಅಂತ ನಂಬಿದ್ದೇನೆ ಎಂದು ವಾಪಸ್ ಕೊಟ್ಟರು.

ಕ್ಲೇರಿಗೆ ಮತ್ತೆ ಚುನಾವಣೆ. 1829ರ ಜುಲೈ 30ರಂದು ಅವಿರೋಧ ಆಯ್ಕೆ. ನಿಜಕ್ಕೂ ಕೂತದ್ದು 1830ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಇಂಗ್ಲೆಂಡಿನ ಹಾರ್ಷಂ ಕ್ಷೇತ್ರದಿಂದ ಬಂದ ಅರ್ಲ್ ಆಫ್ ಸರ್ರೆ ಹೊಸ ಕಾನೂನಿನಡಿ ಕೂತ ಮೊದಲ ಕ್ಯಾಥೊಲಿಕ್ ಆಗಿಬಿಟ್ಟಿದ್ದರು. ಜಗಳ ಆಡಿದವರು ಒಬ್ಬರು, ಕುರ್ಚಿಗೆ ಮೊದಲು ಬಂದವರು ಡ್ಯೂಕ್ ಮನೆಯ ಮಗ.

ಧಣಿಗೆ ಎದುರು ನಿಂತ ರೈತರಿಗೆ ಏನು ಸಿಕ್ಕಿತು?

ವೋಟು ಹೋಯಿತು.

ಕ್ಯಾಥೊಲಿಕರಿಗೆ ಬಾಗಿಲು ತೆರೆದ ಅದೇ ದಿನ ಇನ್ನೊಂದು ಕಾನೂನಿಗೂ ಒಪ್ಪಿಗೆ ಸಿಕ್ಕಿತು. ಐರಿಷ್ ಕೌಂಟಿಗಳಲ್ಲಿ ವೋಟಿಗೆ 40 ಶಿಲಿಂಗ್ ಸಾಲದು, 10 ಪೌಂಡ್ ಬೇಕು. ಒಂದೇ ಏಟಿಗೆ ಐದು ಪಟ್ಟು. ಐರ್ಲೆಂಡಿನ ಕೌಂಟಿ ಮತದಾರರು ಸುಮಾರು 2,16,000 ಇದ್ದವರು ಸುಮಾರು 37,000ಕ್ಕೆ ಇಳಿದರು. ಸಮರ್ಥನೆ ಏನು ಗೊತ್ತಾ? ಇಂಥ ಬಡವರು ಸ್ವತಂತ್ರವಾಗಿ ಯೋಚಿಸಲಾರರು, ಬೇರೆಯವರು ಹೇಳಿದ ಕಡೆ ವೋಟು ಹಾಕುತ್ತಾರೆ. ಮೂವತ್ತು ವರ್ಷ ಧಣಿಯ ಮಾತಿನಂತೆ ಹಾಕುತ್ತಿದ್ದಾಗ ಈ ಚಿಂತೆ ಯಾರಿಗೂ ಬಂದಿರಲಿಲ್ಲ.

ಪೆಟ್ಟು ಇನ್ನೊಂದು ಕಡೆಯಿಂದಲೂ ಬಿತ್ತು. ವೋಟಿಗಾಗಿ ಒಕ್ಕಲುಗಳನ್ನು ಇಟ್ಟುಕೊಂಡಿದ್ದ ಜಮೀನ್ದಾರರಿಗೆ ಈಗ ಅವರು ಯಾವ ಲಾಭಕ್ಕೂ ಇಲ್ಲ. ಸಣ್ಣ ತುಂಡುಗಳನ್ನು ಸೇರಿಸಿ ದೊಡ್ಡ ಹಿಡುವಳಿ ಮಾಡೋಣ, ದನ ಕುರಿ ಮೇಯಿಸೋಣ ಅನ್ನುವವರಿಗೆ ಇದ್ದ ಒಂದು ಅಡ್ಡಿಯೂ ಹೋಯಿತು.

ಹೊಸ ಕಾನೂನಿನಿಂದ ಲಾಭವಾದದ್ದು ಪಾರ್ಲಿಮೆಂಟಿಗೆ, ದೊಡ್ಡ ಹುದ್ದೆಗೆ ಹೋಗಬಲ್ಲ ಕ್ಯಾಥೊಲಿಕ್ ವಕೀಲರಿಗೆ, ಉಳ್ಳವರಿಗೆ. ಕ್ಲೇರಿನ ಕಥೆ ಹೇಳುವಾಗ ಎಲ್ಲರೂ ಓಕಾನೆಲ್ ಹೆಸರಿನಲ್ಲೇ ನಿಲ್ಲಿಸುತ್ತಾರೆ. ಪುಸ್ತಕದಲ್ಲಿ ಹೆಸರು ಬರೆಸಿ ಮನೆಗೆ ಹೋದ ಆ 2,057 ಮಂದಿ ಏನಾದರು ಅಂತ ಕೇಳುವವರು ಕಡಿಮೆ. ಅವರ ಪೈಕಿ ಹೆಚ್ಚಿನವರು ಇನ್ನೊಮ್ಮೆ ವೋಟು ಕೂಗಲಿಲ್ಲ.

ಓಕಾನೆಲ್ ಅದಕ್ಕೆ ಒಪ್ಪಿದರಾ?

ಬಾಯಲ್ಲಿ ಇಲ್ಲ. ಆದರೆ ಇತಿಹಾಸ ಸ್ವಲ್ಪ ಮುಜುಗರದ್ದು. 1825ರಲ್ಲಿ ಒಂದು ರಾಜಿ ಮಾತುಕತೆಯಲ್ಲಿ 40 ಶಿಲಿಂಗ್ ಮತದಾರರನ್ನು ಬಿಟ್ಟುಕೊಡಲು ಅವರು ತಯಾರಾಗಿದ್ದರು. ಇವರ ವೋಟು ಹೇಗೂ ಧಣಿಗಳ ಕೈಯಲ್ಲಿದೆ ಅನ್ನೋದು ಆಗಿನ ವಾದ. ವಾಟರ್‌ಫೋರ್ಡ್ ಆದ ಮೇಲೆ, ಇವರನ್ನು ಎಂದಿಗೂ ಕೈಬಿಡೋದಿಲ್ಲ ಅಂತ ಮಾತು ಕೊಟ್ಟರು. 1829ರಲ್ಲಿ ಪ್ರತಿಭಟಿಸಿದರು ನಿಜ. ಆದರೆ ದೊಡ್ಡ ಮಸೂದೆ ಕೈತಪ್ಪೀತು ಅಂತ ಬೀದಿಗೆ ಜನರನ್ನು ಕರೆಯಲಿಲ್ಲ. ಎರಡೂ ಬೇಕು ಅಂತ ಹಟ ಹಿಡಿದಿದ್ದರೆ ಎರಡೂ ಹೋಗುತ್ತಿತ್ತೇನೋ. ಆ ಲೆಕ್ಕ ಸರಿ ಇರಬಹುದು. ಆದರೆ ಬೆಲೆ ತೆತ್ತವರನ್ನು ಯಾರೂ ಕೇಳಲಿಲ್ಲ.

ಕ್ಲೇರಿನಲ್ಲಿ ಇನ್ನೊಂದು ಪ್ರಸಿದ್ಧ ಉಪಚುನಾವಣೆ ಇದೆಯಂತಲ್ಲ?

ಅದು 1917ರ ಪೂರ್ವ ಕ್ಲೇರ್. ಸದಸ್ಯ ವಿಲ್ಲೀ ರೆಡ್ಮಂಡ್ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡು ಸೀಟು ಖಾಲಿಯಾಯಿತು. ಆಗಷ್ಟೇ ಜೈಲಿನಿಂದ ಹೊರಬಂದ ಐರಿಷ್ ಸ್ವಾತಂತ್ರ್ಯ ಹೋರಾಟಗಾರ ಈಮನ್ ಡಿ ವಲೆರಾ 5,010 ವೋಟು ತೆಗೆದು ಪ್ಯಾಟ್ರಿಕ್ ಲಿಂಚ್ ಅವರನ್ನು (2,035) ಸೋಲಿಸಿದರು. ಇಲ್ಲೂ ಗೆದ್ದವರು ಲಂಡನ್ನಿನಲ್ಲಿ ಕೂರಲಿಲ್ಲ. ಓಕಾನೆಲ್ ಅವರನ್ನು ಒಳಗೆ ಬಿಡಲಿಲ್ಲ, ಡಿ ವಲೆರಾ ತಾವೇ ಹೋಗಲಿಲ್ಲ.

ಸೋತ ಫಿಟ್ಜ್‌ಜೆರಾಲ್ಡ್ ಆಮೇಲೆ ಏನಾದರು?

ಮಂತ್ರಿ ಪದವಿ ಉಳಿಯಿತು. ಬೇರೆ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ವಾಪಸ್ ಬಂದರು, ಮುಂದೆ ಲಾರ್ಡ್ ಕೂಡ ಆದರು. 1841ರಲ್ಲಿ, ಪೀಲ್ ಪ್ರಧಾನಿಯಾಗಿದ್ದಾಗ, ಇವರಿಗೆ ಸಿಕ್ಕಿದ್ದು ಭಾರತದ ಉಸ್ತುವಾರಿ. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡುವ ಬೋರ್ಡ್ ಆಫ್ ಕಂಟ್ರೋಲ್‌ನ ಅಧ್ಯಕ್ಷ ಸ್ಥಾನ. ಕಲ್ಕತ್ತದಲ್ಲಿ ಎಲೆನ್‌ಬರೋ ಗವರ್ನರ್ ಜನರಲ್ ಆಗಿದ್ದಾಗ ಲಂಡನ್ನಿನಿಂದ ಅವರಿಗೆ ಪತ್ರ ಬರೆಯುತ್ತಿದ್ದವರು ಇವರೇ. ಆ ಹುದ್ದೆಯಲ್ಲಿದ್ದಾಗಲೇ 1843ರಲ್ಲಿ ತೀರಿಕೊಂಡರು.